ಪ್ರಶಾಂತನ ಸ್ಯಾಕ್ಸೋಫೋನ್ ಮಾರಬೇಡ ಅಮ್ಮಾ

ಫಿಲಡೆಲ್ಫಿಯಾ

ಅಮ್ಮನಿಗೆ ನಮಸ್ಕಾರ. ನಾವೆಲ್ಲ ಆರಾಮ. ಮಗುವಿನ ಕೆಮ್ಮು ವಾಸಿಯಾಗಿದೆ. ದೊಡ್ಡಮ್ಮನಿಗೂ ನಮಸ್ಕಾರ ಹೇಳು.

ನಿನ್ನ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ಪ್ರಶಾಂತ ಮತ್ತೆ ಕುಡಿಯುತ್ತಿದ್ದಾನೆ, ಒಪ್ಪಿಕೊಂಡ ಉತ್ಸವಕ್ಕೂ ಹೋಗಲಿಲ್ಲ ಅಂತ ಬರೆದಿದ್ದೀಯ. ಸ್ಯಾಕ್ಸೋಫೋನ್ ಮಾರಿದರೆ ಆ ಸಹವಾಸ ತಪ್ಪುತ್ತದೆ ಅಂತ ದೊಡ್ಡಮ್ಮ ಹೇಳಿದರಂತೆ. ಬೇಡ ಅಮ್ಮಾ. ಕದ್ರಿ ಗೋಪಾಲನಾಥರ ಕಚೇರಿ ಕೇಳಿ ಬಂದು ಅಪ್ಪ ಸಾಲ ಮಾಡಿ ಕೊಡಿಸಿದ ವಾದ್ಯ ಅದು. ಕುಡಿಸಿದ್ದು ವಾದ್ಯ ಅಲ್ಲವಲ್ಲ.

ಇಲ್ಲಿ 33ನೇ ಬೀದಿಯಲ್ಲಿ ಜಾನ್ ಕೋಲ್ಟ್ರೇನ್ ಅವರ ಮನೆ ಇದೆ. ಜಾಝ್ ಸಂಗೀತದಲ್ಲಿ ಸ್ಯಾಕ್ಸೋಫೋನ್ ಅಂದರೆ ಇವತ್ತಿಗೂ ಅವರ ಹೆಸರೇ. ಅವರಿಗೆ ಕುಡಿತವೂ ಇತ್ತು, ಹೆರಾಯಿನ್ ಚಟವೂ ಇತ್ತು. 1957ರಲ್ಲಿ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರನ್ನು ತಮ್ಮ ತಂಡದಿಂದಲೇ ತೆಗೆದುಹಾಕಿದರು. ತಾಯಿ, ಹೆಂಡತಿ ಇದ್ದ ಈ ಮನೆಗೆ ಬಂದು ಎರಡು ಚಟಗಳನ್ನೂ ಬಿಟ್ಟರು. ವಾದ್ಯ ಮಾತ್ರ ಬಿಡಲಿಲ್ಲ. ಅದೇ ವರ್ಷ ಪಿಯಾನೋ ವಾದಕ ಥಿಲೋನಿಯಸ್ ಮಾಂಕ್ ಜೊತೆ ನುಡಿಸಿದರು. ಮರುವರ್ಷ ಡೇವಿಸ್ ಅವರೇ ವಾಪಸ್ ಕರೆದರು! 1964ರ ಡಿಸೆಂಬರಿನಲ್ಲಿ 'ಎ ಲವ್ ಸುಪ್ರೀಮ್' ಅನ್ನುವ ಆಲ್ಬಂ ಧ್ವನಿಮುದ್ರಣ ಮಾಡಿ ದೇವರಿಗೆ ಅರ್ಪಿಸಿದರು. 1957ರಲ್ಲಿ ದೇವರ ಕೃಪೆಯಿಂದ ತನ್ನ ಬದುಕು ಬದಲಾಯಿತು ಅಂತ ಆ ಆಲ್ಬಂ ಜೊತೆಗಿನ ಬರಹದಲ್ಲೇ ಬರೆದಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರನ್ನು ಸಂತ ಅಂತ ಪೂಜಿಸುವ ಚರ್ಚೇ ಇದೆ. ಪ್ರಾರ್ಥನೆಗೆ ಅವರ ಸಂಗೀತವನ್ನೇ ನುಡಿಸುತ್ತಾರೆ. ದೊಡ್ಡಮ್ಮ ಕೇಳಿದರೆ ನಗಬಹುದು. ನಾವು ತ್ಯಾಗರಾಜರ ಆರಾಧನೆ ಮಾಡುವುದಿಲ್ವಾ? ಕೋಲ್ಟ್ರೇನ್ ತಮ್ಮ ಮಗನಿಗೆ ಸಿತಾರಿನ ರವಿಶಂಕರರ ಹೆಸರೇ ಇಟ್ಟರು. ಆ ರವಿ ಕೋಲ್ಟ್ರೇನ್ ಕೂಡ ಸ್ಯಾಕ್ಸೋಫೋನ್ ವಾದಕರೇ.

ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. 1967ರಲ್ಲಿ ಲಿವರ್ ಕ್ಯಾನ್ಸರ್ ಆಗಿ 40ನೇ ವಯಸ್ಸಿಗೇ ಅವರು ಹೋದರು. ನೀನು ಹೆದರಬೇಡ, ಪ್ರಶಾಂತನಿಗೆ ಏನೂ ಆಗಿಲ್ಲ, ಏನೂ ಆಗುವುದಿಲ್ಲ. ಆದರೂ ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಲಿವರ್ ಟೆಸ್ಟ್ ಮಾಡಿಸು. ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಜಾಸ್ತಿ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಔಷಧಿ ಕೊಟ್ಟು ಬಿಡಿಸುತ್ತಾರೆ. ಖರ್ಚು ನನ್ನದು, ಹಣ ಕಳಿಸಿದ್ದೇನೆ. ಬೆಳಿಗ್ಗೆ ಅವನು ಅಭ್ಯಾಸಕ್ಕೆ ಕೂತರೆ ಹತ್ತಿರ ಕೂತು ಕೇಳು. ಬಯ್ಯಬೇಡ.

ಎಲ್ಲ ಸರಿಹೋಗುತ್ತದೆ, ನೀನು ಸುಮ್ನೆ ಅಳುತ್ತಾ ಕೂರಬೇಡ. ನಿನ್ನ ಬಿಪಿ ಮಾತ್ರೆ ತಪ್ಪಿಸಬೇಡ. ನಾನು ಚೆನ್ನಾಗಿದ್ದೇನೆ, ನಿಜವಾಗಿ. ಬಸ್ಸಿಗೆ ಹೊತ್ತಾಯಿತು. ಡಾಕ್ಟರು ಏನಂದರು ಅಂತ ಕೂಡಲೇ ತಿಳಿಸು.

ನಿನ್ನ ಮಗಳು
ಸುಮ