ಆಳು ಗೊತ್ತಾಗಿದ್ದರೂ ಜಾಹೀರಾತು ಏಕೆ?

ಕೋಲಾರ ಉದ್ಯೋಗ ಗುಂಪಿನ ಸದಸ್ಯರ ಗಮನಕ್ಕೆ,

ಯಾರನ್ನು ಸೇರಿಸಿಕೊಳ್ಳಬೇಕೆಂದು ಮೊದಲೇ ಗೊತ್ತಾಗಿದ್ದರೂ ಹುದ್ದೆಗೆ ಜಾಹೀರಾತು ಕೊಡುವುದುಂಟು. ಸರ್ಕಾರಿ ಸಂಸ್ಥೆಗಳಿಗೆ ಬೇರೆ ದಾರಿಯೇ ಇಲ್ಲ. ಸಂವಿಧಾನದ 16ನೇ ವಿಧಿ ಎಲ್ಲರಿಗೂ ಸಮಾನ ಅವಕಾಶ ಕೇಳುತ್ತದೆ. ಮುಕ್ತ ಸ್ಪರ್ಧೆ ಇಲ್ಲದೆ ಸೇರಿದವರು ಕಾಯಂ ಹಕ್ಕು ಕೇಳುವಂತಿಲ್ಲ ಎಂದು ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಹಾಗಾಗಿ ಗುತ್ತಿಗೆಯವರು ಅದೇ ಕುರ್ಚಿಯಲ್ಲಿ ಕೂತಿದ್ದರೂ ಹುದ್ದೆ ಪ್ರಕಟವಾಗಲೇಬೇಕು.

ನರಸಾಪುರ, ವೇಮಗಲ್ ಕಡೆಯ ಖಾಸಗಿ ಕಂಪನಿಗಳದ್ದು ಬೇರೆ ಲೆಕ್ಕ. ಒಳಗಿನವರಿಗೆ ಬಡ್ತಿ ಕೊಡುವ ಮುಂಚೆಯೂ ಹೊರಗೆ ಪ್ರಕಟಿಸಿ, ಕೆಲವರನ್ನು ಸಂದರ್ಶಿಸಿದ ದಾಖಲೆ ಇರಬೇಕೆಂಬ ಒಳನಿಯಮ ಎಷ್ಟೋ ಕಡೆ ಇರುತ್ತದೆ. ಸಂಬಳ ಚೌಕಾಸಿಗೂ ಇದು ಅನುಕೂಲ.

ಇಂಥ ಜಾಹೀರಾತಿನ ಗುರುತು: ಕೊನೇ ದಿನಾಂಕ ನಾಲ್ಕೈದು ದಿನದಲ್ಲೇ ಇರುತ್ತದೆ, ಅರ್ಹತೆ ಒಬ್ಬರ ಬಯೋಡೇಟಾ ನೋಡಿ ಬರೆದಂತಿರುತ್ತದೆ. ಫೋನ್ ಮಾಡಿ, "ಈಗ ಈ ಕೆಲಸ ಯಾರು ನೋಡಿಕೊಳ್ಳುತ್ತಿದ್ದಾರೆ, ಹುದ್ದೆ ಹೊಸದೋ, ಖಾಲಿಯಾದದ್ದೋ?" ಎಂದು ಕೇಳಿ.

ಆದರೂ ಅರ್ಜಿ ಹಾಕಿ. ಗೊತ್ತಾದವರು ಕೊನೇ ಗಳಿಗೆಯಲ್ಲಿ ಸೇರದಿದ್ದರೆ ಎರಡನೆಯವರಿಗೇ ಕರೆ ಬರುವುದು. ಇಂಥ ಸಂದರ್ಶನಕ್ಕಾಗಿ ರಜೆ ಹಾಕಿ ಬೆಂಗಳೂರಿಗೆ ಓಡುವ ಮೊದಲು ಮಾತ್ರ ಯೋಚಿಸಿ. ಯಾರಿಗೂ ದುಡ್ಡು ಕೊಡಬೇಡಿ.

ಸರ್ಕಾರಿ ಹುದ್ದೆಯಾದರೆ ಜಾಹೀರಾತಿನ ಪ್ರತಿ ಇಟ್ಟುಕೊಳ್ಳಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಅಂಕ, ಆಯ್ಕೆಯ ಮಾನದಂಡ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು.