ಅನಘಾಗೆ, ಕಾಲೇಜು ಆರಿಸುವ ಮುಂಚೆ

ಪ್ರೀತಿಯ ಅನಘಾ,

ಅಮೆರಿಕದ ನೆಸ್ಕ್ಯಾಕ್ ಅನ್ನುವ ಕಾಲೇಜು ಒಕ್ಕೂಟದ ಒಂದು ಕಾಲೇಜಿನ ಹಾಕಿ ಕೋಚ್ ನಿನ್ನ ಆಟ ಮೆಚ್ಚಿಕೊಂಡಿದ್ದಾರೆ ಅಂತ ನಿಮ್ಮಮ್ಮ ಫೋನ್‌ನಲ್ಲಿ ಹೇಳಿದಳು. ಕೇಳಿ ತುಂಬಾ ಖುಷಿಯಾಯಿತು. ಆದರೆ ಆಟಕ್ಕೆ ಸ್ಕಾಲರ್‌ಶಿಪ್ ಕೊಡದ ಕಡೆ ಯಾಕೆ ಹೋಗಬೇಕು ಅಂತ ನೀನು ಕೇಳಿದೆಯಂತೆ. ಅದಕ್ಕೇ ಈ ಪತ್ರ.

ಆ 11 ಕಾಲೇಜುಗಳ ಒಕ್ಕೂಟ 1971ರಲ್ಲಿ ಹುಟ್ಟಿದ್ದೇ ಆಟ ಓದಿನ ಮೇಲೆ ಸವಾರಿ ಮಾಡಬಾರದು ಅಂತ. ಇವತ್ತಿಗೂ ಅದರ ಹಿಡಿತ ಕಾಲೇಜುಗಳ ಅಧ್ಯಕ್ಷರ ಕೈಯಲ್ಲಿದೆ. 1993ರ ತನಕ ತಂಡಗಳನ್ನು ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಕಳಿಸುತ್ತಲೇ ಇರಲಿಲ್ಲ. ಹಾಗಂತ ಅಲ್ಲಿನ ಆಟ ಸಪ್ಪೆ ಅಂದುಕೊಳ್ಳಬೇಡ. ಒಕ್ಕೂಟದ ಮಿಡಲ್‌ಬರಿ ಕಾಲೇಜಿನ ಹುಡುಗಿಯರು 2017ರಿಂದ 2019ರವರೆಗೆ ಸತತ ಮೂರು ವರ್ಷ ಡಿವಿಷನ್ ಮೂರರ, ಅಂದರೆ ಆಟಕ್ಕೆ ಸ್ಕಾಲರ್‌ಶಿಪ್ ಕೊಡದ ಕಾಲೇಜುಗಳ ವಿಭಾಗದ, ರಾಷ್ಟ್ರೀಯ ಹಾಕಿ ಪ್ರಶಸ್ತಿ ಗೆದ್ದರು. ಇದೇ ಒಕ್ಕೂಟದ ಟ್ರಿನಿಟಿ ಕಾಲೇಜಿನ ಸ್ಕ್ವಾಷ್ ಹುಡುಗರಂತೂ 1998ರಿಂದ 2012ರವರೆಗೆ ಸತತ 252 ಪಂದ್ಯ ಗೆದ್ದರು. ಹಾರ್ವರ್ಡ್, ಯೇಲ್ ಎಲ್ಲ ಅವರ ಮುಂದೆ ಸೋತವರೇ. ಕೊನೆಗೆ ಆ ಓಟ ನಿಲ್ಲಿಸಿದ್ದು ಯೇಲ್, ಅದೂ 5-4ರಲ್ಲಿ.

ದುಡ್ಡಿಲ್ಲದಿದ್ದರೆ ಜನ ಮನಸ್ಸಿಟ್ಟು ಆಡಲ್ಲ ಅನ್ನುವುದನ್ನು ನಾನು ಒಪ್ಪಲ್ಲ. ನಮ್ಮ ಕೊಡಗಿನ ಕುಟುಂಬ ಹಾಕಿಗೆ 2024ರಲ್ಲಿ 360 ತಂಡ ಬಂದಿದ್ದವು. ಯಾರು ಸಂಬಳ ಕೊಟ್ಟರು ಅವರಿಗೆ?

ಇನ್ನೊಂದು ಮಾತು. ಅಲ್ಲಿ ಸಿಗುವ ಫೀಸಿನ ಸಹಾಯ ನಿಮ್ಮ ಮನೆಯ ಆದಾಯ ನೋಡಿ ಕೊಡುವಂಥದ್ದು. ನಾಳೆ ಮಂಡಿಗೆ ಪೆಟ್ಟಾಗಿ ಆಟ ಬಿಟ್ಟೆ ಅನ್ನು, ಆ ಕಾರಣಕ್ಕೆ ಅದು ನಿಲ್ಲಲ್ಲ. ಹದಿನೆಂಟು ವಯಸ್ಸಿನ ಹುಡುಗಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಗೊತ್ತಾ! ಒಂದು ಸೆಮಿಸ್ಟರ್ ಬೇರೆ ದೇಶದಲ್ಲಿ ಓದಬೇಕು ಅನಿಸಿದರೂ ಹೋಗಬಹುದು. ನಿನ್ನ ಸೀಸನ್ ಇರುವುದು ಸೆಪ್ಟೆಂಬರ್‌ನಿಂದ ನವೆಂಬರ್ ತನಕ ತಾನೇ? ಹಾಗಾಗಿ ವಸಂತದಲ್ಲಿ ಹೋಗುವುದು ಸುಲಭ.

ಆದರೆ ಕೋಚ್ ಹೇಳಿದ ಮಾತ್ರಕ್ಕೆ ಸೀಟು ಸಿಕ್ಕಿತು ಅಂದುಕೊಳ್ಳಬೇಡ. ಸೀಟು ಕೊಡುವುದು ಅಡ್ಮಿಷನ್ ಆಫೀಸು. ನಿನ್ನ ಮಾರ್ಕ್ಸ್ ನೋಡಿ ಅವರು ಏನು ಹೇಳಿದರು ಅಂತ ಕೋಚ್‌ನ ನೇರವಾಗಿ ಕೇಳು. ಅದರಲ್ಲಿ ಸಂಕೋಚ ಬೇಡ. ಅರ್ಲಿ ಡಿಸಿಷನ್‌ನಲ್ಲಿ, ಅಂದರೆ ಒಂದೇ ಕಾಲೇಜನ್ನು ಆರಿಸಿ ಮುಂಚೆಯೇ, ಅರ್ಜಿ ಹಾಕು ಅಂತ ಕೋಚ್ ಹೇಳುವ ಸಾಧ್ಯತೆ ಜಾಸ್ತಿ. ಹಾಗೆ ಅರ್ಜಿ ಹಾಕಿದ ಮೇಲೆ ಸೀಟು ಸಿಕ್ಕರೆ ಅಲ್ಲಿಗೇ ಹೋಗಬೇಕು, ಆಮೇಲೆ ನಾಲ್ಕು ಕಾಲೇಜುಗಳ ಸಹಾಯ ಹೋಲಿಸಿ ನೋಡಲು ಆಗಲ್ಲ. ಅದಕ್ಕೇ ಮೊದಲು ಅಪ್ಪ ಅಮ್ಮನ ಜೊತೆ ಕೂತು, ಕಾಲೇಜಿನ ಖರ್ಚಿನ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕು. ಇದನ್ನು ಮಾತ್ರ ತಪ್ಪಿಸಬೇಡ.

ಕಾಲೇಜು ನೋಡಲು ಹೋದಾಗ ಬರೀ ತಂಡದ ಹುಡುಗಿಯರ ಜೊತೆ ತಿರುಗಬೇಡ. ಆಟ ಬಿಟ್ಟ ಒಬ್ಬಳನ್ನಾದರೂ ಹುಡುಕಿ ಮಾತಾಡಿಸು. ಮಧ್ಯಾಹ್ನದ ಕೆಮಿಸ್ಟ್ರಿ ಲ್ಯಾಬ್ ಮತ್ತು ಪ್ರಾಕ್ಟೀಸ್ ಒಂದೇ ಹೊತ್ತಿಗೆ ಬಂದರೆ ಏನು ಮಾಡುತ್ತಾರೆ ಅಂತ ಕೇಳು. ಹಾಕಿಯೇ ಇಲ್ಲದಿದ್ದರೂ ಈ ಊರಲ್ಲಿ, ಈ ಚಳಿಯಲ್ಲಿ ನಾಲ್ಕು ವರ್ಷ ಇರಬಲ್ಲೆನಾ ಅಂತ ನಿನ್ನನ್ನೇ ಕೇಳಿಕೋ. ಹೌದು ಅನಿಸಿದರೆ ಮಾತ್ರ ಅರ್ಜಿ ಹಾಕು. ಲೆಕ್ಕದಲ್ಲಿ ಏನು ಬಂತು ಅಂತ ನನಗೂ ಬರೆದು ತಿಳಿಸು.

ನಿನ್ನ
ಮಾವ