ವಿಕಲಚೇತನ ವಿದ್ಯಾರ್ಥಿಗಳ ಹೊಣೆ ಹೊತ್ತ ಮಗಳಿಗೆ ಕಾಕಾನ ಪತ್ರ

ಯಾದಗಿರಿ

ಚಿ. ಸೌ. ಸುವರ್ಣಾಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ ಬರೆಯುತ್ತಿರಬೇಕು.

ವಿಶ್ವವಿದ್ಯಾಲಯದ ವಿಕಲಚೇತನ ವಿದ್ಯಾರ್ಥಿಗಳ ಸೇವಾ ಘಟಕಕ್ಕೆ ನಿನ್ನನ್ನು ಸಂಯೋಜಕಿಯಾಗಿ ನೇಮಿಸಿದ ಆದೇಶ ಹೊರಬಿದ್ದಿದೆಯೆಂದು ಅಣ್ಣ ಫೋನಿನಲ್ಲಿ ತಿಳಿಸಿದರು. ಪಾಠ, ಮೌಲ್ಯಮಾಪನ, ಪಿಎಚ್.ಡಿ. ಮಾರ್ಗದರ್ಶನಗಳ ಮೇಲೆ ಇದೊಂದು ಹೊಸ ಹೊರೆ ಎಂದು ನೀನು ಗೊಣಗಿದ್ದನ್ನೂ ಅವರೇ ಹೇಳಿದರು. ಹೊರೆ ಹೌದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪರೀಕ್ಷಾ ವಿಭಾಗದ ಕಡತಗಳ ನಡುವೆಯೇ ತಲೆ ನರೆತ ನನಗೆ ಈ ಹುದ್ದೆಯ ಒಳಹೊರಗು ಸ್ವಲ್ಪ ಗೊತ್ತಿರುವುದರಿಂದ, ನೀನು ಅಧಿಕಾರ ವಹಿಸಿಕೊಳ್ಳುವ ಮುನ್ನವೇ ಕೆಲವು ಮಾತುಗಳನ್ನು ಬರೆದು ತಿಳಿಸುವುದು ಒಳಿತೆನಿಸಿತು.

ನಮ್ಮದು ಶರಣಬಸವೇಶ್ವರರ ದಾಸೋಹದ ನಾಡು. ಕಲಬುರಗಿಯಲ್ಲಿ ಕರುಣೆಗೆ ಎಂದೂ ಬರವಿಲ್ಲ, ಮತ್ತು ನಿನ್ನ ಕೆಲಸಕ್ಕೆ ಮೊದಲ ತೊಡಕು ಬರುವುದೂ ಅಲ್ಲಿಂದಲೇ. ಗಾಲಿಕುರ್ಚಿಯ ಹುಡುಗನೊಬ್ಬ ವಿಭಾಗದ ಮೆಟ್ಟಿಲ ಬಳಿ ಬಂದರೆ ನಾಲ್ವರು ಗೆಳೆಯರು ಓಡಿಬಂದು ಕುರ್ಚಿಸಮೇತ ಎತ್ತಿ ಒಯ್ಯುತ್ತಾರೆ. ನೋಡಿದವರೆಲ್ಲ ಮೆಚ್ಚುತ್ತಾರೆ. ಆ ನಾಲ್ವರು ಸದಾ ಸಿದ್ಧರಿರುವುದರಿಂದಲೇ ಅಲ್ಲಿ ಇಳಿಜಾರು ಹಾದಿ ಕಟ್ಟಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಹುಡುಗ ಮಾತ್ರ ಪ್ರತಿದಿನ ನಾಲ್ವರ ಮುಖ ನೋಡಬೇಕು, ಅವರಿಗೆ ಬಿಡುವಿಲ್ಲದ ದಿನ ಪಾಠ ತಪ್ಪಿಸಿಕೊಳ್ಳಬೇಕು. ಆದ್ದರಿಂದ ಇಂದು ಒಬ್ಬರ ಒಳ್ಳೆಯ ಮನಸ್ಸಿನಿಂದ ನಡೆಯುತ್ತಿರುವ ಪ್ರತಿಯೊಂದು ಉಪಕಾರವನ್ನೂ ನಾಳೆ ಸುತ್ತೋಲೆಯಾಗಿ, ಆದೇಶವಾಗಿ, ಬಜೆಟ್ಟಿನ ಲೆಕ್ಕ ಶೀರ್ಷಿಕೆಯಾಗಿ ಮಾರ್ಪಡಿಸುವುದೇ ನಿನ್ನ ನಿಜವಾದ ಕೆಲಸವೆಂದು ತಿಳಿ. ಒಬ್ಬ ವಿದ್ಯಾರ್ಥಿ ಒಂದೇ ಬೇಡಿಕೆಗಾಗಿ ಎರಡನೆಯ ಸಲ ನಿನ್ನ ಬಾಗಿಲಿಗೆ ಬಂದನೆಂದರೆ, ಮೊದಲ ಸಲ ನೀನು ಅವನಿಗೆ ಉಪಕಾರ ಮಾಡಿದ್ದೀಯೇ ಹೊರತು ವ್ಯವಸ್ಥೆ ಮಾಡಿಲ್ಲ.

ಕಾನೂನು ನಿನ್ನ ಬೆನ್ನಿಗಿದೆ. 1995ರ ವಿಕಲಚೇತನರ ಕಾಯ್ದೆಯಲ್ಲಿ ಏಳೇ ಬಗೆಯ ವೈಕಲ್ಯಗಳಿದ್ದವು, ಶಿಕ್ಷಣದಲ್ಲಿ ಶೇ. 3ರ ಮೀಸಲಾತಿ ಇತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಾಗ ಆ ಪಟ್ಟಿ 21ಕ್ಕೆ ಏರಿತು, ಉನ್ನತ ಶಿಕ್ಷಣದಲ್ಲಿ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಕನಿಷ್ಠ ಶೇ. 5ರಷ್ಟು ಸೀಟುಗಳೂ ವಯೋಮಿತಿಯಲ್ಲಿ ಐದು ವರ್ಷಗಳ ಸಡಿಲಿಕೆಯೂ ದೊರೆತವು. ನಮ್ಮ ಭಾಗದ ವಿದ್ಯಾರ್ಥಿಗೆ ಇದರ ಜತೆಗೆ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು ಎಲ್ಲವೂ ಒಂದೇ ವಾರದಲ್ಲಿ ಕೈಗೆ ಬರಬೇಕಾಗುತ್ತದೆ. ಸುರಪುರದ ಕಡೆಯ ಹಳ್ಳಿಯಿಂದ ತಾಲ್ಲೂಕು ಕಚೇರಿಗೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ವೈದ್ಯಕೀಯ ಮಂಡಳಿಗೆ ಓಡಾಡುವಷ್ಟರಲ್ಲಿ ಪ್ರವೇಶದ ಕೊನೆಯ ದಿನಾಂಕ ಕಳೆದಿರುತ್ತದೆ, ವಹಿಯಲ್ಲಿ ‘ಅರ್ಹ ಅಭ್ಯರ್ಥಿಗಳು ಲಭ್ಯವಿಲ್ಲ’ ಎಂಬ ಷರಾ ಬಿದ್ದಿರುತ್ತದೆ. ಆ ಷರಾವನ್ನು ನಂಬಬೇಡ. ಕಾರ್ಡಿಗೆ ಅರ್ಜಿ ಹಾಕಿದ ಸ್ವೀಕೃತಿಯ ಮೇಲೆ ತಾತ್ಕಾಲಿಕ ಪ್ರವೇಶ ಕೊಡುವಂತೆ ಪ್ರವೇಶ ಸಮಿತಿಯಲ್ಲಿ ನಿರ್ಣಯ ಮಾಡಿಸಿಕೊ. ಪ್ರವೇಶದ ಪ್ರಕಟಣೆ ಹೊರಡುವುದಕ್ಕೆ ಎರಡು ತಿಂಗಳು ಮೊದಲೇ ಸುತ್ತಲಿನ ಪದವಿ ಕಾಲೇಜುಗಳಿಗೆ ಪತ್ರ ಬರೆ.

ಇನ್ನು ಪರೀಕ್ಷೆಯ ವಿಷಯ. ಇಲ್ಲಿ ನಾನು ಸ್ವಲ್ಪ ವಿಸ್ತಾರವಾಗಿ ಬರೆದರೆ ಬೇಸರಿಸಬೇಡ, ಏಕೆಂದರೆ ವರ್ಷವಿಡೀ ಸುಸೂತ್ರವಾಗಿ ನಡೆದದ್ದು ಕೆಡುವುದು ಪರೀಕ್ಷೆಯ ಆ ಎರಡು ವಾರಗಳಲ್ಲಿಯೇ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು 2018ರ ಆಗಸ್ಟಿನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರನ ನೆರವು ಪಡೆಯಲು ಅರ್ಹರಾದ ಅಭ್ಯರ್ಥಿಗೆ ಪ್ರತಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಸಲ್ಲಬೇಕು. ಲಿಪಿಕಾರನನ್ನು ತಾನೇ ಕರೆತರುವ ಅಥವಾ ಪರೀಕ್ಷಾ ಸಂಸ್ಥೆಯಿಂದ ಪಡೆಯುವ ಆಯ್ಕೆಯನ್ನು ಆ ಮಾರ್ಗಸೂಚಿ ಅಭ್ಯರ್ಥಿಗೆ ಕೊಟ್ಟಿತ್ತು. ಅನಂತರ ಬಂದ ಪರಿಷ್ಕರಣೆಗಳನ್ನೂ ಜತೆಗಿಟ್ಟುಕೊಂಡು ಓದು. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ನಡೆಯುವುದೇನು, ಕೇಳು. ಬೆಳಿಗ್ಗೆ ಹತ್ತಕ್ಕೆ ಆರಂಭವಾದ ಮೂರು ಗಂಟೆಯ ಪರೀಕ್ಷೆ ಎಲ್ಲರಿಗೂ ಒಂದಕ್ಕೆ ಮುಗಿದರೆ ಈ ವಿದ್ಯಾರ್ಥಿಗೆ ಎರಡಕ್ಕೆ ಮುಗಿಯಬೇಕು. ಮಧ್ಯಾಹ್ನದ ಪಾಳಿ ಎರಡಕ್ಕೇ ಶುರು. ಒಂದು ಗಂಟೆ ಹೊಡೆದ ಕೂಡಲೇ ಕೊಠಡಿಯ ಮೇಲ್ವಿಚಾರಕರು ಗಡಿಯಾರ ನೋಡಲಾರಂಭಿಸುತ್ತಾರೆ; ಅತ್ತ ಉತ್ತರ ಪತ್ರಿಕೆಗಳ ಬಂಡಲು ಕಟ್ಟಿ ಅರಗು ಹಾಕಲು ಕಾದವರು ‘ಇನ್ನೂ ಒಂದು ಬರಬೇಕಲ್ಲ’ ಎಂದು ಬಾಗಿಲಲ್ಲಿ ಇಣುಕುತ್ತಾರೆ; ಮುಜುಗರ ತಾಳಲಾರದ ಹುಡುಗಿ ಒಂದೂಕಾಲಕ್ಕೆ ‘ಮುಗೀತ್ರೀ ಸರ್’ ಎಂದು ಎದ್ದುಬಿಡುತ್ತಾಳೆ. ನಿಯಮ ಉಲ್ಲಂಘನೆಯಾಯಿತೆಂದು ಯಾರ ಮೇಲೂ ಬೆರಳು ತೋರಿಸುವಂತಿಲ್ಲ. ಆಕೆ ತಾನಾಗಿಯೇ ಎದ್ದಳು ತಾನೇ? ಇದಕ್ಕೆ ಉಪಾಯ ದೊಡ್ಡದೇನಲ್ಲ. ಪ್ರತ್ಯೇಕ ಕೊಠಡಿ, ಪ್ರತ್ಯೇಕ ಮೇಲ್ವಿಚಾರಕರು, ಪ್ರತ್ಯೇಕ ಲಕೋಟೆ ಇರಲಿ, ಮತ್ತು ಇಂಥ ವಿದ್ಯಾರ್ಥಿಗಳಿರುವ ವಿಷಯಗಳ ಎರಡು ಪತ್ರಿಕೆಗಳು ಒಂದೇ ದಿನ ಬಾರದಂತೆ ವೇಳಾಪಟ್ಟಿ ಸಿದ್ಧವಾಗಲಿ. ಇದನ್ನು ಪರೀಕ್ಷೆಯ ಹಿಂದಿನ ದಿನ ಕೇಳಿದರೆ ಮೌಲ್ಯಮಾಪನ ಕುಲಸಚಿವರು ಕೈಚೆಲ್ಲುತ್ತಾರೆ. ವೇಳಾಪಟ್ಟಿಯ ಕರಡು ಹೊರಡುವ ಮೊದಲು ಕೇಳಿದರೆ ಒಂದು ಸಾಲಿನ ಟಿಪ್ಪಣಿಯಲ್ಲಿ ಕೆಲಸವಾಗುತ್ತದೆ.

ಲಿಪಿಕಾರರದು ಇನ್ನೊಂದು ಪಾಡು. ಅಂಧ ವಿದ್ಯಾರ್ಥಿ ತನ್ನೂರಿನ ಪಿಯುಸಿ ಹುಡುಗನನ್ನು ಗೊತ್ತುಮಾಡಿಕೊಂಡಿರುತ್ತಾನೆ. ಆ ಹುಡುಗನಿಗೆ ಅದೇ ದಿನ ತನ್ನದೇ ಕಿರುಪರೀಕ್ಷೆ ಬಂದು ಕೈಕೊಡುತ್ತಾನೆ. ಬೇರೊಬ್ಬನನ್ನು ಹಿಡಿದು ತಂದರೆ ಪ್ರಾಚಾರ್ಯರು ಅವನ ಅಂಕಪಟ್ಟಿ, ಭಾವಚಿತ್ರ, ದೃಢೀಕರಣ ಕೇಳುತ್ತಾರೆ, ಅಷ್ಟರಲ್ಲಿ ಪ್ರಶ್ನೆಪತ್ರಿಕೆ ಹಂಚಿ ಆಗಿರುತ್ತದೆ. ಕನ್ನಡ ಎಂ.ಎ. ಓದುತ್ತಿದ್ದ ಒಬ್ಬಾತನಿಗೆ ಕೊನೆಯ ಗಳಿಗೆಯಲ್ಲಿ ವಿಜ್ಞಾನ ಓದಿದ ಲಿಪಿಕಾರ ಸಿಕ್ಕಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಆತ ಹಳಗನ್ನಡದ ಚಂಪೂ ಪದ್ಯವೊಂದನ್ನು ಬಾಯಿಪಾಠದಿಂದ ನಿರರ್ಗಳವಾಗಿ ಹೇಳುತ್ತಿದ್ದ. ಬರೆಯುವವನಿಗೆ ಶಕಟರೇಫೆ, ಅಂದರೆ ಹಳಗನ್ನಡದ ‘ಱ’ ಅಕ್ಷರ, ಎಂದರೇನೆಂದೇ ತಿಳಿಯದು. ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿ ನಾಲ್ಕು ಸಾಲು ಬರೆಸುವಷ್ಟರಲ್ಲಿ ಕಾಲು ಗಂಟೆ ಹೋಯಿತು. ಆದ್ದರಿಂದ ಸೆಮಿಸ್ಟರಿನ ಆರಂಭದಲ್ಲೇ ಭಾಷಾ ವಿಷಯಗಳಿಗೆ ಬೇರೆ, ಗಣಿತ ಮತ್ತು ವಿಜ್ಞಾನಕ್ಕೆ ಬೇರೆ ಎಂದು ಲಿಪಿಕಾರರ ಪಟ್ಟಿಯೊಂದನ್ನು ಸಿದ್ಧಪಡಿಸು. ಪರೀಕ್ಷೆಯ ದಿನಾಂಕಗಳು ಒಂದೇ ದಿನ ಬೀಳದ ಬೇರೆ ಬೇರೆ ಕಾಲೇಜುಗಳಿಂದ ಅವರನ್ನು ಆರಿಸು, ಮತ್ತು ಗೌರವಧನವನ್ನು ಪರೀಕ್ಷೆ ಮುಗಿದ ವಾರದಲ್ಲೇ ಕೊಡಿಸು. ಗೌರವಧನ ಆರು ತಿಂಗಳು ತಡವಾದರೆ ಮುಂದಿನ ಸಲ ಪಟ್ಟಿಯಲ್ಲಿ ಹೆಸರುಗಳಿರುತ್ತವೆ, ಮನುಷ್ಯರಿರುವುದಿಲ್ಲ. ಲಿಪಿಕಾರ ಮತ್ತು ಅಭ್ಯರ್ಥಿ ಎರಡು ದಿನ ಮೊದಲೇ ಭೇಟಿಯಾಗಿ ಮಾತನಾಡಿಕೊಳ್ಳುವ ಅವಕಾಶ ಆ ಮಾರ್ಗಸೂಚಿಯಲ್ಲಿಯೇ ಇದೆ. ಅದನ್ನು ಬಳಸಿಕೊಳ್ಳುವವರು ಕಡಿಮೆ.

‘ಶೇ. 40 ಇಲ್ಲವಲ್ಲ, ಇವನಿಗೇಕೆ ಲಿಪಿಕಾರ’ ಎಂಬ ಪ್ರಶ್ನೆ ನಿನ್ನ ಮುಂದೆ ಖಂಡಿತ ಬರುತ್ತದೆ. ಕೈ ಸೆಳೆತದಿಂದ ಬರೆಯಲಾಗದ ವಿಕಾಶ್ ಕುಮಾರ್ ಎಂಬ ಅಭ್ಯರ್ಥಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಇದೇ ಕಾರಣ ಹೇಳಿ ಲಿಪಿಕಾರನನ್ನು ನಿರಾಕರಿಸಲಾಗಿತ್ತು. ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ ಆ ನಿರಾಕರಣೆಯನ್ನು ಒಪ್ಪಲಿಲ್ಲ, ಶೇ. 40ರ ಮಿತಿ ಮೀಸಲಾತಿಯಂಥ ಸೌಲಭ್ಯಗಳಿಗೆ ಹೊರತು ಲಿಪಿಕಾರನ ನೆರವಿಗೆ ಅಡ್ಡಿಯಾಗಬಾರದೆಂಬುದು ಆ ತೀರ್ಪಿನ ಸಾರ. ಅದರ ಪ್ರತಿಯೊಂದನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊ.

ಕಟ್ಟಡಗಳ ವಿಷಯದಲ್ಲಿ ಎಂಜಿನಿಯರಿಂಗ್ ವಿಭಾಗದವರ ಅಂದಾಜು ಪಟ್ಟಿಗೆ ಕಣ್ಣುಮುಚ್ಚಿ ಸಹಿ ಹಾಕಬೇಡ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಇಳಿಜಾರಿನ ಲೆಕ್ಕ. ಆರಾರು ಅಂಗುಲದ ಮೂರು ಮೆಟ್ಟಿಲಿದ್ದರೆ ಹದಿನೆಂಟು ಅಡಿ ಬೇಕು. ಗುತ್ತಿಗೆದಾರ ಆರು ಅಡಿಯಲ್ಲಿ ಮುಗಿಸಿ, ಅದರ ಮೇಲೆ ನುಣುಪಾದ ಶಹಾಬಾದ್ ಫರ್ಸಿ ಹಾಸಿ, ‘ರ‍್ಯಾಂಪ್ ಕಾಮಗಾರಿ ಪೂರ್ಣ’ ಎಂದು ಬಿಲ್ಲು ಮಾಡಿಸಿಕೊಳ್ಳುತ್ತಾನೆ. ನಮ್ಮ ಕಲ್ಲಿನ ಬಗ್ಗೆ ನನಗೆ ಅಭಿಮಾನವಿದ್ದರೂ ಮಳೆ ಬಿದ್ದ ದಿನ ಊರುಗೋಲು ಹಿಡಿದವರು ಅದರ ಮೇಲೆ ನಿಲ್ಲಲಾರರು. ಒರಟು ಮೇಲ್ಮೈಯ ಕಲ್ಲನ್ನೇ ಹಾಕಿಸು. ಹಿಡಿಕೆಗೆ ಹೊಳೆಯುವ ಸ್ಟೀಲ್ ಕೊಳವೆ ಹಾಕಿದರೆ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಬಿಸಿಲಿನಲ್ಲಿ ಅದನ್ನು ಮುಟ್ಟಲಾಗದು. ಮೇಲೊಂದು ಚಾವಣಿ ಬೇಕೆಂದು ಬರೆ. ಶೌಚಾಲಯವನ್ನಂತೂ ನೀನೇ ಹೋಗಿ ನೋಡಬೇಕು. ಹೊರಗೆ ಗಾಲಿಕುರ್ಚಿಯ ಚಿತ್ರ ಇರುತ್ತದೆ, ಒಳಗೆ ಪೊರಕೆ, ಬಕೆಟ್ಟು, ಮುರಿದ ಬೆಂಚು ಇರುತ್ತವೆ, ಬೀಗದ ಕೈ ಜವಾನನ ಜೇಬಿನಲ್ಲಿರುತ್ತದೆ. ಬಾಗಿಲು ಒಳಮುಖವಾಗಿ ತೆರೆದರೆ ಕುರ್ಚಿ ಒಳಹೋದ ಮೇಲೆ ಅದನ್ನು ಮುಚ್ಚಲಾಗುವುದಿಲ್ಲ. ಇದರಿಂದ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರೇ ಕುಡಿಯದೆ ಇರುತ್ತಾರೆ. ನಮ್ಮ ಬೇಸಿಗೆಯಲ್ಲಿ ಅದರ ಪರಿಣಾಮ ಏನೆಂದು ನಿನಗೆ ಹೇಳಬೇಕಾಗಿಲ್ಲ. ಇನ್ನು ಲಿಫ್ಟಿಗೆ ಟೆಂಡರು ಕರೆದು, ತೆರೆದು, ಮತ್ತೆ ಕರೆಯುವಷ್ಟರಲ್ಲಿ ಹುಡುಗನ ಎಂ.ಎ. ಮುಗಿದಿರುತ್ತದೆ. ಟೆಂಡರು ತನ್ನ ಪಾಡಿಗೆ ನಡೆಯಲಿ, ನೀನು ವಿಭಾಗದ ಮುಖ್ಯಸ್ಥರಿಗೆ ಹೇಳಿ ಆ ತರಗತಿಯನ್ನು ನೆಲಮಹಡಿಗೆ ಇಳಿಸು. ಅದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ.

ಮೆಟ್ಟಿಲು ಎಲ್ಲರ ಕಣ್ಣಿಗೂ ಬೀಳುತ್ತದೆ, ಕಣ್ಣಿಗೆ ಬೀಳದ ತಡೆಗಳೂ ಅಷ್ಟೇ ಇವೆ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪು ಮಾಡಿದ ಸುತ್ತೋಲೆ ನಮಗೆ ಕನ್ನಡವಾಗಿ ಕಂಡರೂ ಗಣಕಯಂತ್ರದ ಪಾಲಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಪರದೆ ಓದುವ ತಂತ್ರಾಂಶ ಅದನ್ನು ಹಾಗೆಯೇ ಅರ್ಥವಿಲ್ಲದೆ ಗೊಣಗುತ್ತದೆ. ಸುತ್ತೋಲೆಯ ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಅದು ಅಷ್ಟನ್ನೂ ಓದದು. ಎಲ್ಲ ಕಡತಗಳೂ ಗಣಕಯಂತ್ರ ಕನ್ನಡವೆಂದೇ ಗುರುತಿಸುವ ಯೂನಿಕೋಡಿನಲ್ಲಿಯೇ ಇರಬೇಕೆಂದು ಕುಲಸಚಿವರಿಂದ ಒಂದು ಆದೇಶ ಹೊರಡಿಸಿಕೊ. ಆಸ್ಟ್ರೇಲಿಯದ ಅಂಧ ತರುಣನೊಬ್ಬ 2006ರಲ್ಲಿ ಆರಂಭಿಸಿ, ಇನ್ನೊಬ್ಬ ಅಂಧ ಗೆಳೆಯನೊಡನೆ ಬೆಳೆಸಿದ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ಅದನ್ನು ನಿನ್ನ ಗಣಕಯಂತ್ರದಲ್ಲಿ ಹಾಕಿಸಿಕೊಂಡು, ಪರದೆಯನ್ನು ಬಂದ್ ಮಾಡಿ, ನಿಮ್ಮ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪರೀಕ್ಷಾ ಶುಲ್ಕ ಕಟ್ಟುವ ಪುಟಕ್ಕೆ ಹೋಗಲು ಒಮ್ಮೆ ಪ್ರಯತ್ನಿಸು. ಆ ಅರ್ಧ ಗಂಟೆ ಯಾವ ತರಬೇತಿ ಶಿಬಿರಕ್ಕಿಂತಲೂ ಹೆಚ್ಚು ಕಲಿಸುತ್ತದೆ. ಗ್ರಂಥಪಾಲಕರು ಕೃತಿಸ್ವಾಮ್ಯದ ಭಯ ಹೇಳಿದರೆ, ಓದಲಾಗದವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ಪರಿವರ್ತಿಸಿಕೊಡಲು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯೇ ಅವಕಾಶ ಕೊಟ್ಟಿದೆಯೆಂದು ವಿನಯದಿಂದ ತಿಳಿಸು. ಕಿವಿ ಕೇಳದ ವಿದ್ಯಾರ್ಥಿಗೆ ಬೇಕಾದದ್ದು ಅಧ್ಯಾಪಕರು ಹಲಗೆಯ ಕಡೆ ಮುಖ ಮಾಡಿ ಮಾತನಾಡದಿರುವುದು, ಮತ್ತು ಟಿಪ್ಪಣಿಯನ್ನು ಮೊದಲೇ ಕೊಡುವುದು. ಸನ್ನೆ ಭಾಷೆಯ ದುಭಾಷಿ ಸಿಕ್ಕರೆ ಇನ್ನೂ ಒಳಿತು.

ನಮ್ಮ ಕಾಲದ ಕಚೇರಿಗಳಿಗೆ ವಿಕಲಚೇತನ ಎಂದರೆ ಪೋಲಿಯೊ ಆದ ಕಾಲು, ಮೂರು ಗಾಲಿಯ ಸೈಕಲ್ಲು. ಕಣ್ಣಿಲ್ಲದವರೆಂದರೆ ಗದಗಿನ ವೀರೇಶ್ವರ ಪುಣ್ಯಾಶ್ರಮದಿಂದ ಬಂದ ಸಂಗೀತಗಾರರು. ಆ ಆಶ್ರಮದ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಅರ್ಥಶಾಸ್ತ್ರ ಓದಬೇಕೆಂದು ಬಂದ ಹುಡುಗಿಗೆ ‘ಸಂಗೀತ ತೊಗೋವಾ’ ಎಂದು ಗುಮಾಸ್ತರು ಬುದ್ಧಿ ಹೇಳುವುದನ್ನು ಗೌರವವೆನ್ನಲಾಗದು. ದೇಶದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಈಗ ನಿನ್ನ ಬಳಿಗೆ ಬರುವವರಲ್ಲಿ ಕಲಿಕಾ ನ್ಯೂನತೆಯವರು, ಥಲಸ್ಸೇಮಿಯಾದಿಂದ ಪದೇ ಪದೇ ರಕ್ತ ಪಡೆಯಬೇಕಾದವರು, ಮಾನಸಿಕ ಕಾಯಿಲೆಯವರು ಇರುತ್ತಾರೆ, ನೋಡಿದರೆ ಗೊತ್ತೇ ಆಗುವುದಿಲ್ಲ. ಅವರ ವೈದ್ಯಕೀಯ ಪ್ರಮಾಣಪತ್ರ ನಿನ್ನ ಕಪಾಟಿನಿಂದ ಹೊರಗೆ ಹೋಗಬಾರದು. ವಿಭಾಗಕ್ಕೆ ಬರೆಯುವ ಪತ್ರದಲ್ಲಿ ‘ಈ ವಿದ್ಯಾರ್ಥಿಗೆ ಹಾಜರಾತಿಯಲ್ಲಿ ಇಂತಿಷ್ಟು ರಿಯಾಯಿತಿ’ ಎಂದಿದ್ದರೆ ಸಾಕು, ರೋಗದ ಹೆಸರು ಬೇಡ.

ಹಣದ ಬಗ್ಗೆ ಒಂದೇ ಮಾತು. ಬಜೆಟ್ಟಿನಲ್ಲಿ ನಿನ್ನ ಘಟಕಕ್ಕೆ ಪ್ರತ್ಯೇಕ ಶೀರ್ಷಿಕೆ ಇಲ್ಲದಿದ್ದರೆ ಡಿಸೆಂಬರಿನೊಳಗೆ ಹಣಕಾಸು ಅಧಿಕಾರಿಗಳಿಗೆ ಬೇಡಿಕೆ ಸಲ್ಲಿಸು. ಮಾರ್ಚಿನ ಕೊನೆಯ ವಾರ ಉಳಿದ ಹಣದಲ್ಲಿ ಕೊಂಡ ಸಾಮಾನುಗಳು ಯಾವ ಕೋಣೆಯಲ್ಲಿ ಧೂಳು ತಿನ್ನುತ್ತಿವೆಯೆಂದು ಉಗ್ರಾಣದವರನ್ನು ಕೇಳಿದರೆ ಹೇಳುತ್ತಾರೆ. ವಿಕಲಚೇತನರ ದಿನವಾದ ಡಿಸೆಂಬರ್ 3ರಂದು ವೇದಿಕೆ ಕಟ್ಟಿ, ಹಾರ ಹಾಕಿ, ಸಲಕರಣೆ ವಿತರಿಸುವ ಫೋಟೋಕ್ಕೆ ಕರೆ ಬಂದೇ ಬರುತ್ತದೆ. ಹೋಗು, ಆದರೆ ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಲು ಒಪ್ಪಬೇಡ. ಅದಕ್ಕಿಂತ ನಿನ್ನ ಸಲಹಾ ಸಮಿತಿಯಲ್ಲಿ ಅವರಲ್ಲೇ ಇಬ್ಬರು ಮೂವರನ್ನು ಸದಸ್ಯರನ್ನಾಗಿ ಮಾಡಿಕೊ, ಸಭೆಯ ನಡಾವಳಿಯಲ್ಲಿ ಅವರು ಹೇಳಿದ್ದನ್ನು ಅವರ ಹೆಸರಿನಲ್ಲಿಯೇ ದಾಖಲಿಸು. ಯಾರಾದರೂ ಅಧಿಕಾರಿ ಮೊಂಡು ಹಿಡಿದರೆ, 2016ರ ಕಾಯ್ದೆಯ ಉಲ್ಲಂಘನೆಗೆ ಮೊದಲ ಸಲ ಹತ್ತು ಸಾವಿರ ರೂಪಾಯಿವರೆಗೆ, ಮರುಕಳಿಸಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡವಿದೆಯೆಂಬುದು ನಿನ್ನ ನೆನಪಿನಲ್ಲಿರಲಿ, ಆದರೆ ಮೊದಲ ಪತ್ರದಲ್ಲೇ ಅದನ್ನು ಬರೆಯಬೇಡ. ನೀನು ಮುಂದೆಯೂ ಅವರ ಸಹಿಯಿಂದಲೇ ಕೆಲಸ ಮಾಡಿಸಿಕೊಳ್ಳಬೇಕು.

ನನ್ನ ಬಳಿ ಇರುವ ಹಳೆಯ ಪರೀಕ್ಷಾ ಸುತ್ತೋಲೆಗಳ ಪ್ರತಿಗಳನ್ನು ಬರುವ ವಾರ ನಿಮ್ಮ ತಮ್ಮನ ಕೈಯಲ್ಲಿ ಕಳುಹಿಸುತ್ತೇನೆ. ಅವುಗಳಲ್ಲಿ ಅರ್ಧದಷ್ಟು ಈಗ ಕೆಲಸಕ್ಕೆ ಬಾರವು, ಆದರೂ ಟಿಪ್ಪಣಿ ಬರೆಯುವ ಕ್ರಮ ತಿಳಿಯುತ್ತದೆ. ಮುಂದಿನ ಸೆಮಿಸ್ಟರಿನ ವೇಳಾಪಟ್ಟಿ ಹೊರಡುವ ಮೊದಲು ಮೌಲ್ಯಮಾಪನ ಕುಲಸಚಿವರಿಗೆ ನೀನು ಬರೆಯಲಿರುವ ಟಿಪ್ಪಣಿಯ ಕರಡನ್ನು ನನಗೊಮ್ಮೆ ತೋರಿಸು.

ಮನೆಯವರಿಗೆಲ್ಲ ನನ್ನ ಮತ್ತು ನಿನ್ನ ಕಾಕುವಿನ ಆಶೀರ್ವಾದ ತಿಳಿಸುವುದು.

ಇತಿ,
ನಿನ್ನ ಕಾಕಾ